ನನ್ನ ನೆಲದಲ್ಲಿ ತಂಗಿಯ ಹಲಸಿನ ಮರ

ತಪ್ಪು ಹೇಳಿಕೊಳ್ಳುವವನು ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಹೇಳಬೇಕು. ನನ್ನ ಕೈಲಿ ಅದು ಆಗುತ್ತಿಲ್ಲ. ಹೇಳಲು ಹೊರಟಾಗಲೆಲ್ಲ ನಡುವೆ ಎಲ್ಲೋ ಒಂದು ಕಡೆ ನಗು ಉಕ್ಕಿ ಬಂದು, ಪಶ್ಚಾತ್ತಾಪವೆಲ್ಲ ಕೆಮ್ಮಿನಲ್ಲಿ ಮುಗಿಯುತ್ತದೆ. ಈಗ ಜಗಲಿಯ ಮೇಲೆ ಕೂತು ಬರೆಯುತ್ತಿರುವಾಗಲೂ ಹೆಂಡತಿ ಒಳಗಿನಿಂದ ಕೇಳಿದಳು.

"ಅದೇನ್ ಬರೀತಿದ್ದೀರಿ, ಒಬ್ರೇ ಕಿಸೀತಾ?"

"ನಾನು ಮಾಡಿದ ಪಾಪ" ಎಂದೆ.

"ಯಾವ್ದು, ಆ ಇಂಗಿನ ಪಾಪವಾ?" ಎಂದವಳು ಸೌಟು ಕೆಳಗಿಟ್ಟು ನಗಲು ಶುರು ಮಾಡಿದಳು. ಇಂಥ ಮನೆಯಲ್ಲಿ ಗಂಭೀರವಾಗಿ ಪಶ್ಚಾತ್ತಾಪ ಪಡುವುದು ಹೇಗೆ?

ಆದರೂ ಪಾಪ ಪಾಪವೇ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮ ಹೊಲ ಇರುವುದು ಕಂಪಲಾಪುರದಿಂದ ಸ್ವಲ್ಪ ಆಚೆ, ಬಸ್ಸು ಓಡಾಡುವ ರಸ್ತೆಗೆ ಅಂಟಿಕೊಂಡಂತೆ. ಅದರ ನಟ್ಟನಡುವೆ ಒಂದು ಹಲಸಿನ ಮರ. ನೆಟ್ಟದ್ದು ಅಜ್ಜನೋ ಅಜ್ಜನ ಅಪ್ಪನೋ, ಯಾರಿಗೂ ಗೊತ್ತಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಕ್ಕಳು ಅಂತ ಉಳಿದವರು ಇಬ್ಬರೇ, ನಾನು ಮತ್ತು ನನ್ನ ತಂಗಿ. ಅವಳನ್ನು ಕೊಟ್ಟಿರುವುದು ಕೋಟೆ ತಾಲ್ಲೂಕಿಗೆ, ಬೀಚನಹಳ್ಳಿಗೆ. ಅವಳ ಗಂಡ ಅಣೆಕಟ್ಟಿನ ನಾಲೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದವನು.

ಅಪ್ಪನ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂಬ ಕಾನೂನು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೈಸ್ಕೂಲು ಮುಗಿಸಿದವನು ನಾನು, ಪೇಪರ್ ಓದುತ್ತೇನೆ. ಗೊತ್ತಿದ್ದದ್ದರಿಂದಲೇ ಒಂದು ದಿನ ತಂಗಿಯನ್ನು ಪಿರಿಯಾಪಟ್ಟಣಕ್ಕೆ ಕರೆಸಿಕೊಂಡೆ. ಹೋಟೆಲಿನಲ್ಲಿ ಕೂರಿಸಿ ಮಸಾಲೆ ದೋಸೆ ತಿನ್ನಿಸಿದೆ. ಸೀರೆ ತೆಗೆಸಿಕೊಟ್ಟೆ. ಆಮೇಲೆ ಮೆಲ್ಲಗೆ, ರಿಜಿಸ್ಟ್ರಾರ್ ಕಚೇರಿಯ ಎದುರು ಟೈಪ್ ಮಾಡಿಕೊಂಡು ಕೂರುವ ಪತ್ರ ಬರಹಗಾರರ ಬಳಿಗೆ ಕರೆದುಕೊಂಡು ಹೋದೆ, ಅವಳ ಪಾಲಿನ ಹಕ್ಕನ್ನು ನನಗೆ ಬಿಟ್ಟುಕೊಟ್ಟಂತೆ ಬರೆಸಲು.

ತಂಗಿ ಅಳಲಿಲ್ಲ, ಜಗಳ ತೆಗೆಯಲಿಲ್ಲ. "ನೆಲ ನೀನೇ ಇಟ್ಕೊ ಅಣ್ಣಯ್ಯ. ಹಲಸಿನ ಮರ ನಂಗೆ ಇರ್ಲಿ" ಎಂದಳು.

ಅಷ್ಟೇನಾ ಎಂದು ನನಗೆ ಒಳಗೊಳಗೇ ಕುಣಿಯುವಂತಾಯಿತು. ನಮ್ಮ ಕಡೆ ಇದು ಹೊಸದಲ್ಲ. ಪಾಲಾಗುವಾಗ ನೆಲ ಒಬ್ಬರಿಗೆ, ಅದರೊಳಗಿನ ಮರ ಇನ್ನೊಬ್ಬರಿಗೆ ಹೋಗುವುದು ಉಂಟು. "ಬರೀರಿ ಸ್ವಾಮಿ, ಮರ ನಮ್ಮ ತಂಗೀದು" ಎಂದೆ.

"ಮರಕ್ಕೆ ಓಗಿ ಬರೋ ದಾರೀನೂ ಬರೀರಿ" ಎಂದಳು ತಂಗಿ. "ಕರೆದ್ರೂ ಬರ್ತಾಳೆ, ಕರೀದಿದ್ರೂ ಬರ್ತಾಳೆ ಅಂತ ಬರೀರಿ."

ಬರಹಗಾರರು ಕನ್ನಡಕ ಹಣೆಗೇರಿಸಿದರು. "ಕರೀದಿದ್ರೂ ಅಂತೆಲ್ಲ ಪತ್ರದಲ್ಲಿ ಬರೆಯೋದಿಲ್ಲಮ್ಮ."

"ನಮ್ದ್ರಲ್ಲಿ ಬರೀರಿ. ನಮ್ಮಪ್ಪ ಇದ್ದಾಗ ಗೌರಿ ಹಬ್ಬಕ್ಕೆ ಊರಿಗೆ ಬಂದು ಕರ್ಕೊಂಡು ಓಗ್ತಿದ್ದ. ಆಮೇಲೆ ಇವ್ನು ಫೋನ್ ಮಾಡ್ತಿದ್ದ. ಈಗ ಅದೂ ಇಲ್ಲ. ಕರೀಲಿ ಅಂತ ಕಾಯ್ತಾ ಕೂತ್ರೆ ತವರು ಮರ್ತೋಯ್ತದೆ."

ನನ್ನ ಮುಖದ ಮೇಲೇ ಹೇಳಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ಹಲಸಿನ ಹಣ್ಣಿನ ಆಸೆಗೆ ಏನೇನೋ ಆಡುತ್ತಾಳೆ ಎಂದುಕೊಂಡು, ಬರೆಯಿರಿ ಎಂದು ಕೈಯಾಡಿಸಿಬಿಟ್ಟೆ. ಬರಹಗಾರರು ಬರೆದರು: ಸದರಿ ಹಲಸಿನ ಮರದ ಫಲವನ್ನು ಕೊಯ್ದುಕೊಳ್ಳಲು, ಮರ ಇರುವವರೆಗೂ, ಕರೆದರೂ ಕರೆಯದಿದ್ದರೂ, ಯಾವ ಅಡಚಣೆಯೂ ಇಲ್ಲದೆ ಬಂದು ಹೋಗತಕ್ಕ ಹಕ್ಕು.

ತಂಗಿ ಅದನ್ನು ಎರಡು ಸಲ ಓದಿಸಿಕೊಂಡಳು. ಬಾಯಿಪಾಠ ಮಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವಳು ಬಂದಳು. ಬಸ್ಸಿಳಿದವಳು ಮನೆಯ ಕಡೆ ತಿರುಗಿಯೂ ನೋಡದೆ ಹೊಲಕ್ಕೆ ಇಳಿದಳು. ನಾನು ಓಡಿಹೋಗಿ, "ಮನೆಗೆ ಬಂದು ಕಾಫಿ ಕುಡಿಯವ್ವ" ಎಂದೆ.

"ನಾನು ನಿನ್ನ ಮನೆಗೆ ಬಂದಿಲ್ಲ ಕಣಣ್ಣಯ್ಯ, ನನ್ನ ಮರದ ತಕೆ ಬಂದಿವ್ನಿ" ಎಂದಳು. ಕಾಫಿಯೇ ಮರದ ಹತ್ತಿರ ಹೋಯಿತು. ನನ್ನ ಹೆಂಡತಿ ಚೊಂಬು, ಲೋಟ ಹಿಡಿದು ನನ್ನ ಮುಂದೆಯೇ ಸರಸರ ನಡೆದಳು.

ಆ ದಿನ ಹೊಗೆಸೊಪ್ಪಿನ ಸಸಿ ನೆಡಲು ಕೂಲಿ ಹೆಂಗಸರು ಬಂದಿದ್ದರು. ತಂಗಿ ಮರದ ಬುಡದಲ್ಲಿ ಗೋಣಿಚೀಲ ಹಾಸಿ, ಕೈಗೆ ಎಣ್ಣೆ ಸವರಿಕೊಂಡು ಒಂದು ಹಣ್ಣು ಬಗೆದಳು ನೋಡಿ, ಆ ವಾಸನೆಗೆ ಸಾಲು ಸಾಲಾಗಿ ಬಗ್ಗಿದ್ದ ಬೆನ್ನುಗಳೆಲ್ಲ ಒಟ್ಟಿಗೆ ನೆಟ್ಟಗಾದವು. ಸಸಿ ಬಿಸಿಲಿಗೆ ಬಾಡಿ ಮಲಗಿದರೆ, ನನ್ನ ಕೂಲಿಯವರು ನನ್ನ ತಂಗಿಯ ಮರದಡಿ ತೊಳೆ ತಿನ್ನುತ್ತ ಕೂತಿದ್ದರು. ನಾನು ಬೈದೆ. ಒಬ್ಬಾಕೆ ಎರಡೂ ಕೈ ಎತ್ತಿ ತೋರಿಸಿ, "ಅಂಟು ಮೆತ್ಕಂಡದೆ ಯಜಮಾನ್ರೇ. ಈ ಕೈಲಿ ಸಸಿ ಮುಟ್ಟಿದ್ರೆ ನಿಮ್ ಸಸಿ ನನ್ನ ಕೈಯಲ್ಲೇ ಉಳೀತದೆ" ಎಂದಳು.

ರೇಗಿ ತಂಗಿಯ ಮುಂದೆ ನಿಂತೆ. "ಹಣ್ಣು ನಿಂದಾದ್ರೆ ನೆರಳು ನಂದು. ನನ್ನ ನೆಲದ ಮೇಲೆ ಬಿದ್ದದೆ" ಎಂದೆ.

"ಔದಾ? ಅಂಗಾರೆ ನಿನ್ನ ನೆರಳ ಎತ್ಕಂಡೋಗಿ ಆ ಕಡೆ ಆಸ್ಕೊ. ನಾವು ಬಿಸ್ಲಲ್ಲೇ ತಿಂತೀವಿ."

ಹೊಲವೆಲ್ಲ ಗೊಳ್ಳೆಂದಿತು. ಇನ್ನೊಂದು ಸಲ ಉದುರಿದ ಹಣ್ಣನ್ನು ನನ್ನ ಎಮ್ಮೆ ತಿಂದುಬಿಟ್ಟಿತು. "ಅಂಗಾರೆ ಇವತ್ತಿನ ಆಲಲ್ಲಿ ನಂಗೂ ಪಾಲದೆ" ಎಂದಳು ತಂಗಿ. ತಮಾಷೆಗೆ ಎಂದುಕೊಂಡೆ. ಸಂಜೆ ಬಸ್ಸಿನ ಹೊತ್ತಿಗೆ ಹೆಂಡತಿ ಹಾಲಿನ ಕ್ಯಾನು ಹಿಡಿದು ನಾದಿನಿಯನ್ನು ಬಸ್ಸು ಹತ್ತಿಸುತ್ತಿದ್ದಳು.

ಹೀಗೆ ವರ್ಷಗಳು ಕಳೆದವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು ನೋಡಿ, ಅಲ್ಲಿಗೆ ನನ್ನ ಕಥೆ ಮುಗಿಯಿತು. ಹಣ್ಣಿನ ಕಾಲಕ್ಕೆ ಒಮ್ಮೆ ಬರುತ್ತಿದ್ದವಳು, ಕಾಯಿ ಬಿಟ್ಟಿದೆಯಾ ನೋಡಲು ಒಮ್ಮೆ, ಬಲಿತಿದೆಯಾ ತಟ್ಟಲು ಒಮ್ಮೆ, ಹಣ್ಣಾಯಿತಾ ಮೂಸಲು ಒಮ್ಮೆ ಬರತೊಡಗಿದಳು. ಒಬ್ಬಳೇ ಅಲ್ಲ, ತನ್ನ ಬೀದಿಯ ಹೆಂಗಸರನ್ನೂ ಕಟ್ಟಿಕೊಂಡು. ನಾನು ಹೊಲಕ್ಕೆ ಮುಳ್ಳುತಂತಿ ಬಿಗಿಸಿ, ಗೇಟು ಇಡಿಸಿ, ಬೀಗ ಜಡಿದೆ. ಅವಳು ಗೇಟಿನ ಮುಂದೆ ನಿಂತು ಗಂಟಲೆತ್ತಿ ಶುರು ಮಾಡಿದಳು: "ಸದರಿ ಹಲಸಿನ ಮರದ ಫಲವನ್ನು ಕೊಯ್ದುಕೊಳ್ಳಲು..." ಮಂಗಳಾರತಿ ಹಾಡಿನ ರಾಗ. ಜೊತೆಗೆ ಬಂದಿದ್ದ ಹೆಂಗಸರೆಲ್ಲ "ಕರೆದರೂ ಕರೆಯದಿದ್ದರೂ" ಎಂಬಲ್ಲಿ ದನಿಗೂಡಿಸಿದರು. ರಸ್ತೆಯಲ್ಲಿ ಹೋಗುವ ಬೈಕುಗಳು ನಿಂತವು. ನಾನು ಬೀಗ ತೆಗೆದೆ.

ಆ ವರ್ಷವೇ ಶುಂಠಿಯವನು ಬಂದ. ಕೇರಳದ ಕಡೆಯವನು. ನಮ್ಮ ಸುತ್ತಮುತ್ತ ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುವವರಲ್ಲಿ ಒಬ್ಬ. ನನಗೂ ವಯಸ್ಸಾಗಿತ್ತು, ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ ಮನೆಯ ಮುಂದೆ ಬೆಂಕಿ ಕಾಯುವ ಶಕ್ತಿ ಇರಲಿಲ್ಲ. ಅವನು ಮಣ್ಣು ಹಿಡಿದು ನೋಡಿದ, ಬೋರ್‌ವೆಲ್ ನೋಡಿದ, ತಲೆಯಾಡಿಸಿದ. ಮರದ ಕಡೆಗೆ ಸವೆದು ಬಿದ್ದಿದ್ದ ಕಾಲುದಾರಿ ನೋಡಿ ನಿಂತ.

"ಇದು ಯಾರು ನಡೆಯೋದು?"

"ನನ್ನ ತಂಗಿ."

"ಒಬ್ರಾ?"

"ಒಬ್ಬಳೇ... ಜೊತೇಲಿ ಅವರ ಬೀದಿಯವರು."

"ಅಯ್ಯೋ ಬೇಡ ಯಜಮಾನ್ರೇ. ಜನ ಕಾಲಲ್ಲಿ ಮಣ್ಣು ತರ್ತಾರೆ, ಮಣ್ಣಲ್ಲಿ ಕೊಳೆರೋಗ ಬರತ್ತೆ, ಶುಂಠಿ ಪೂರಾ ಹೋಗತ್ತೆ. ಮುಂದಿನ ವರ್ಷ ದಾರಿ ಇಲ್ಲ ಅಂದ್ರೆ ಹೇಳಿ, ನಾನು ಬರ್ತೀನಿ."

ಮಾರನೆಯ ದಿನವೇ ಹುಣಸೂರಿಗೆ ಹೋಗಿ ಒಬ್ಬ ವಕೀಲರನ್ನು ಕಂಡೆ. ಅವರು ಪೂರ್ತಿ ಕೇಳಿ, "ಒಬ್ಬರ ನೆಲದಲ್ಲಿ ಇನ್ನೊಬ್ಬರಿಗೆ ನಡೆಯೋ ಹಕ್ಕು, ಕೊಯ್ಯೋ ಹಕ್ಕು ಎಲ್ಲ ಕಾನೂನಲ್ಲೇ ಇದೆ. ನೀವಾಗಿ ಬರೆದುಕೊಟ್ಟಿದ್ದೀರಿ. ಬೀಗ ಹಾಕಿದ್ದೇ ತಪ್ಪು" ಎಂದರು.

"ಬೀದಿಯವರನ್ನೆಲ್ಲ ಕರ್ಕೊಂಡು ಬರ್ತಾಳೆ ಸಾರ್."

"ಕರ್ಕೊಂಡು ಬರಬಾರದು ಅಂತ ಬರೆಸಿದ್ದೀರಾ?"

"ಇಲ್ಲ."

"ಮತ್ತೆ?"

ಎದ್ದು ಹೊರಟವನು ಬಾಗಿಲಲ್ಲಿ ತಿರುಗಿ ನಿಂತೆ. "ಸಾರ್, ಮರ ಇರುವವರೆಗೂ ಅಂತ ಇದೆ. ಮರ ತಾನಾಗಿ ಒಣಗಿಹೋದ್ರೆ?"

"ತಾನಾಗಿ ಒಣಗಿದ್ರೆ ಯಾರೇನು ಮಾಡೋಕಾಗುತ್ತೆ?"

ಆ ಪುಣ್ಯಾತ್ಮರು ಸಹಜವಾಗಿ ಹೇಳಿದ ಮಾತು. ನಾನು ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಬಂದೆ.

ಮರದ ಬೊಡ್ಡೆಗೆ ತೂತು ಕೊರೆದು ಇಂಗು ತುಂಬಿದರೆ, ಎಂಥ ಹೆಮ್ಮರವಾದರೂ ಸದ್ದಿಲ್ಲದೆ ಒಣಗುತ್ತದೆ ಎಂದು ನಮ್ಮ ಕಡೆ ಹಳಬರು ಹೇಳುತ್ತಿದ್ದರು. ಕೊಡಲಿ ಮುಟ್ಟಿಸಿದರೆ ಊರಿಗೆ ಗೊತ್ತಾಗುತ್ತದೆ, ಇಂಗು ಯಾರಿಗೂ ಹೇಳುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಇಂಗಿನಷ್ಟು ಬಾಯಿಬಡುಕ ವಸ್ತು ಅಡುಗೆಮನೆಯಲ್ಲೇ ಇನ್ನೊಂದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಅನುಮಾನ ಬಾರದಿರಲಿ ಎಂದು ಪಿರಿಯಾಪಟ್ಟಣದ ಒಂದೊಂದು ಅಂಗಡಿಯಲ್ಲಿ ಒಂದೊಂದು ಡಬ್ಬಿ ಕೊಂಡೆ. ಕೊನೆಯ ಅಂಗಡಿಯವನು, "ಏನ್ ಯಜಮಾನ್ರೇ, ಆ ಅಂಗಡೀಲೂ ಇಂಗು, ಈ ಅಂಗಡೀಲೂ ಇಂಗು. ಮನೇಲಿ ಮದ್ವೆನಾ?" ಎಂದ. "ಹೊಟ್ಟೆ ಉಬ್ಬರ ಕಣಪ್ಪ" ಎಂದೆ. ಅವನು ನನ್ನ ಹೊಟ್ಟೆ ನೋಡಿ, ಇನ್ನೊಂದು ಡಬ್ಬಿ ಮುಂದಕ್ಕಿಟ್ಟ.

ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾಗಿದ್ದ ಹೊತ್ತಿನಲ್ಲಿ ಬೈರಿಗೆ ಹಿಡಿದು ಹೊಲಕ್ಕೆ ಹೋದೆ. ಬೊಡ್ಡೆಯ ಸುತ್ತ ತೂತು ಕೊರೆದೆ. ಹಾಲು ಒಸರಿತು. ಕಣ್ಣು ಬೇರೆ ಕಡೆ ತಿರುಗಿಸಿಕೊಂಡೇ ಇಂಗು ತುಂಬಿದೆ. ಸಗಣಿ, ಕೆಮ್ಮಣ್ಣು ಕಲಸಿ ಬಾಯಿ ಮೆತ್ತಿದೆ. ಇಷ್ಟು ಹೊತ್ತು ನಗುತ್ತ ಬರೆದೆ, ಆದರೆ ಆ ಹಾಲು ಒಸರಿದ್ದು ನೆನಪಾದರೆ ಈಗಲೂ ಕೈ ನಿಲ್ಲುತ್ತದೆ. ಆ ಮರದ ಕೊಂಬೆಗೆ ಅಪ್ಪ ಹಗ್ಗ ಕಟ್ಟಿ ನಮ್ಮಿಬ್ಬರನ್ನೂ ಒಂದೇ ಉಯ್ಯಾಲೆಯಲ್ಲಿ ತೂಗಿದ್ದ.

ಮನೆಗೆ ಬಂದು ಸೋಪು ಹಾಕಿ, ಹುಣಸೆಹಣ್ಣು ಹಾಕಿ, ಕೊನೆಗೆ ಸೀಮೆಎಣ್ಣೆ ಹಾಕಿ ಕೈ ತೊಳೆದೆ. ಊಟಕ್ಕೆ ಕೂತಾಗ ಹೆಂಡತಿ ಮೂಗರಳಿಸಿದಳು.

"ಯಾರ ಮನೇಲಿ ಪುಳಿಯೋಗರೆ ತಿಂದ್ ಬಂದ್ರಿ?"

"ಎಲ್ಲೂ ಇಲ್ಲ."

"ಮೈಯೆಲ್ಲಾ ಒಗ್ಗರಣೆ ವಾಸ್ನೆ ಒಡೀತದೆ. ಈ ವಯಸ್ಸಲ್ಲಿ ಯಾರ್ ನಿಮ್ಗೆ ಪುಳಿಯೋಗರೆ ಕಲಸಿ ಕೊಡೋರು?"

ನಾಲ್ಕು ದಿನ ಮಾತು ಬಿಟ್ಟಳು. ಅವಳ ಅನುಮಾನವೇ ಬೇರೆ. ನಿಜ ಹೇಳುವುದಕ್ಕಿಂತ ಆ ಅನುಮಾನವೇ ಮೇಲು ಎಂದುಕೊಂಡು ನಾನೂ ಸುಮ್ಮನಿದ್ದೆ. ನಮ್ಮ ನಾಯಿ ಕೂಡ ಅಷ್ಟು ದಿನ ಹತ್ತಿರ ಬರಲಿಲ್ಲ.

ಕೆಲವು ವಾರಗಳಲ್ಲಿ ಮರದ ಎಲೆ ಹಳದಿಯಾಯಿತು, ಉದುರಿತು. ಯಾರಾದರೂ ಕೇಳಿದರೆ ಇರಲಿ ಎಂದು ಕನ್ನಡಿಯ ಮುಂದೆ ನಿಂತು ದುಃಖದ ಮುಖ ಅಭ್ಯಾಸ ಮಾಡಿಕೊಂಡೆ. "ಏನ್ ಮಾಡೋದು, ವಯಸ್ಸಾಗಿತ್ತು" ಎಂದು ತುಟಿ ಕಚ್ಚಿ ಹೇಳುವುದು ಬಲು ಚೆನ್ನಾಗಿ ಬರುತ್ತಿತ್ತು. ಶುಂಠಿಯವನಿಗೆ ಫೋನ್ ಮಾಡಿ, "ಬಾಪ್ಪಾ, ದಾರಿ ಇನ್ನಿರೋದಿಲ್ಲ" ಎಂದೆ.

ಆಮೇಲೆ ಚಳಿ ಕಳೆಯಿತು. ಒಂದು ಬೆಳಗ್ಗೆ ಹೋಗಿ ನೋಡುತ್ತೇನೆ, ಮರ ಚಿಗುರಿದೆ. ಚಿಗುರಿನ ಜೊತೆ ಕಾಯಿ. ಕೊಂಬೆಯಲ್ಲಿ ಕಾಯಿ, ಬೊಡ್ಡೆಯಲ್ಲಿ ಕಾಯಿ, ನಾನು ಮೆತ್ತಿದ ಮಣ್ಣಿನ ಪಕ್ಕದಲ್ಲೇ ಕಾಯಿ. ಬುಡದಲ್ಲಿ ನೆಲ ಬಿರಿದಿತ್ತು, ಬಗ್ಗಿ ನೋಡಿದರೆ ಬೇರಿನಲ್ಲೂ ಕಾಯಿ. ಗಾಯ ಮಾಡಿದರೆ ಹಲಸು ಹೆಚ್ಚು ಬಿಡುತ್ತದೆ ಎಂದು ಕತ್ತಿಯಲ್ಲಿ ಎರಡೇಟು ಹಾಕುವವರನ್ನು ನಾನೇ ನೋಡಿದ್ದೆ. ಆ ಗಳಿಗೆಯಲ್ಲಿ ನೆನಪಾಗಿರಲಿಲ್ಲ. ನಾನು ಕೊಲ್ಲಲು ಹೋದದ್ದು, ಮರ ಅದನ್ನು ಬಾಣಂತನದ ಆರೈಕೆ ಎಂದುಕೊಂಡಿತ್ತು!

ಊರಿನವರೆಲ್ಲ ಬಂದು ನೋಡತೊಡಗಿದರು. "ಏನ್ ಗೊಬ್ಬರ ಆಕುದ್ರಿ ಯಜಮಾನ್ರೇ? ನಮ್ಗೂ ಒಸಿ ಏಳಿ" ಎಂದು ದುಂಬಾಲು ಬಿದ್ದರು. ದುಃಖದ ಮುಖವನ್ನು ಅಷ್ಟು ಅಭ್ಯಾಸ ಮಾಡಿದ್ದೆನಲ್ಲ, ಅದೇ ಬಂತು. "ವಯಸ್ಸಾಗಿತ್ತು, ಏನ್ ಮಾಡೋದು" ಎಂದೆ. ಅವರು ನನ್ನ ತಲೆ ಕೆಟ್ಟಿದೆ ಎಂದುಕೊಂಡರು.

ಹಣ್ಣಿನ ಕಾಲಕ್ಕೆ ತಂಗಿ ಬಂದ ದಿನವೇ ಶುಂಠಿಯವನೂ ಬಂದ. ನನ್ನ ಹೆಂಡತಿ, ಕೂಲಿಯವರು, ಬೀಚನಹಳ್ಳಿಯ ಹೆಂಗಸರು ಎಲ್ಲರೂ ಮರದ ಸುತ್ತ. ತಂಗಿ ಮರವನ್ನು ಒಂದು ಸುತ್ತು ಬಂದಳು. ನಿಂತಳು. ಮೂಸಿದಳು. ಬೊಡ್ಡೆಗೆ ಮೂಗು ತಾಗಿಸಿ ಮತ್ತೆ ಮೂಸಿದಳು. ಉಗುರಿನಿಂದ ಮಣ್ಣು ಕೆರೆದಳು. ಬೆರಳ ತುದಿಗೆ ಹಳದಿ ಪುಡಿ ಬಂತು. ನನ್ನ ಹೆಂಡತಿ ಬಂದು ಆ ಬೆರಳನ್ನೇ ಮೂಸಿ, ನನ್ನ ಕಡೆ ತಿರುಗಿ, "ಪುಳಿಯೋಗರೆ!" ಎಂದಳು.

ತಂಗಿ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ಅದುರಿತು. ಈಗ ಅಳುತ್ತಾಳೆ, ಶಾಪ ಹಾಕುತ್ತಾಳೆ, ಇನ್ನೆಂದೂ ಈ ಕಡೆ ಕಾಲಿಡುವುದಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಇಷ್ಟು ವರ್ಷ ನಾನು ಬಯಸಿದ್ದೂ ಅದನ್ನೇ ಅಲ್ಲವೇ? ಎದುರಿಗೆ ಬಂದು ನಿಂತಾಗ ಅದಕ್ಕಿಂತ ದೊಡ್ಡ ಭಯ ಇನ್ನೊಂದಿರಲಿಲ್ಲ.

"ನೋಡ್ರವ್ವಾ" ಎಂದಳು ತಂಗಿ. "ನಮ್ಮಣ್ಣಯ್ಯ ನನ್ನ ಮರಕ್ಕೆ ಒಗ್ಗರಣೆ ಆಕವ್ನೆ!"

ಹೇಳಿ ಮುಗಿಸುವಷ್ಟರಲ್ಲಿ ನಗು ತಡೆಯಲಾರದೆ ನೆಲಕ್ಕೆ ಕೂತಳು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಕೊಬ್ರಿ ಆಕ್ಲಿಲ್ವಾ?" ಎಂದಳೊಬ್ಬಳು. "ಉಪ್ಪು ನೋಡಿದ್ರಾ ಯಜಮಾನ್ರೇ?" ಎಂದಳು ಇನ್ನೊಬ್ಬಳು. ನಾನೂ ನಕ್ಕೆ. ನಗುತ್ತ ನಗುತ್ತ ಯಾವಾಗ ಅಳು ಶುರುವಾಯಿತೋ ನನಗೇ ತಿಳಿಯಲಿಲ್ಲ. "ಒಣಗ್ಲಿ ಅಂತ ಆಕ್ದೆ ಕಣವ್ವ. ನೀನು ಬರೋದು ನಿಲ್ಲಲಿ ಅಂತ" ಎಂದೆ. ಎಲ್ಲರ ಮುಂದೆ.

ನಗು ನಿಂತಿತು. ತಂಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಗೊತ್ತು ಬುಡು" ಎಂದಳು.

"ನಿನ್ನ ಪಾಲು ನೀನು ತಗೊ. ಅರ್ಧ ಹೊಲ ನಿನ್ನೆಸರಿಗೆ ಬರೆಸ್ತೀನಿ."

"ನನ್ನ ಪಾಲಿನ ಮಾತು ಇವತ್ತು ಬ್ಯಾಡ, ಕಾಗ್ದ ಮಾಡ್ಸಿ ಆಮೇಲೆ ಆಡು. ಈಗ ಮರಕ್ಕೆ ತಪ್ಪುಕಾಣಿಕೆ ಕಟ್ಟು. ಒಂದು ಹಣ್ಣು ನೀನೇ ಒತ್ಕಂಡು ನಮ್ಮನೆಗೆ ತರ್ಬೇಕು. ನಾನು ಕರೆಯಕಿಲ್ಲ. ಕರೀದೆ ಬರೋದು ಎಂಗಿರ್ತದೆ, ನೋಡ್ಕೊ."

ಶುಂಠಿಯವನು ಇದೊಂದನ್ನೂ ಕೇಳುತ್ತಿರಲಿಲ್ಲ. ಯಾರೋ ಕೈಗಿಟ್ಟ ತೊಳೆಯನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಂತಿದ್ದ. "ಇದು ಒಳ್ಳೆ ಚಕ್ಕ" ಎಂದ. ಅವರ ಭಾಷೆಯಲ್ಲಿ ಹಲಸಿಗೆ ಹಾಗೆನ್ನುತ್ತಾರೆ. "ಮರ ಇರಲಿ ಯಜಮಾನ್ರೇ. ದಾರಿಗೆ ಎರಡು ಸೈಡೂ ಬೇಲಿ ಹಾಕ್ತೀನಿ, ಅಮ್ಮ ನಡೀಲಿ. ನನಗೆ ದಿನಾ ಒಂದು ಚಕ್ಕ."

"ಅದು ನನ್ನ ಕೇಳ್ಬೇಕು, ಅವನ್ನಲ್ಲ" ಎಂದಳು ತಂಗಿ.

ಅರ್ಧ ಹೊಲದ ಕಾಗದ ಮಾಡಿಸಿದೆ. ಅದೇ ಬರಹಗಾರರು, ಅದೇ ಕನ್ನಡಕ. ಅದನ್ನು ದೊಡ್ಡ ವಿಷಯವೆಂದು ಹೇಳಿಕೊಳ್ಳುವುದಿಲ್ಲ, ಅವಳದ್ದನ್ನು ಅವಳಿಗೆ ಕೊಟ್ಟೆ ಅಷ್ಟೇ. ಕಷ್ಟವಾದದ್ದು ಹಣ್ಣು ಹೊತ್ತದ್ದು. ಬೇಕೆಂದೇ ಅವಳು ಮರದಲ್ಲೇ ದಪ್ಪನೆಯದನ್ನು ಆರಿಸಿಟ್ಟು ಹೋಗಿದ್ದಳು. ಹುಣಸೂರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸುತ್ತ ಇದ್ದ ಹೆಂಗಸರೆಲ್ಲ ಪುಕ್ಕಟೆ. ನನಗೆ ಟಿಕೆಟ್ಟು, ಹಣ್ಣಿಗೂ ಲಗೇಜ್ ಟಿಕೆಟ್ಟು. "ಇದಕ್ಕೂ ಒಂದು ಸೀರೆ ಉಡ್ಸಿದ್ರೆ ಬುಟ್ಬುಡ್ತಿದ್ರು ಕಣ್ ತಾತ" ಎಂದಳು ಪಕ್ಕದ ಮುದುಕಿ. ಕೋಟೆಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಹಣ್ಣಿನ ಘಮಕ್ಕೆ ಜನ ನನ್ನ ಹಿಂದೆಯೇ ಬರುತ್ತಿದ್ದರು. ಎಲ್ಲರಿಗೂ, "ಬ್ಯಾಡಿ, ನಂದಲ್ಲ, ನನ್ನ ತಂಗೀದು" ಎನ್ನುತ್ತ ಬೀಚನಹಳ್ಳಿ ತಲುಪಿದೆ.

ಮನೆಯ ಬಾಗಿಲು ತೆರೆದೇ ಇತ್ತು. ತಂಗಿ ಒಳಗೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. ಹೊಸ್ತಿಲ ಹೊರಗೆ ನಿಂತ ನನಗೆ ಒಳಗೆ ಕಾಲಿಡಲು ಆಗಲಿಲ್ಲ. ಮದುವೆ, ಮುಂಜಿ, ತಿಥಿ, ಏನೋ ಒಂದು ಕರೆಯಿಲ್ಲದೆ ನಾನು ಆ ಮನೆಗೆ ಹೋದವನೇ ಅಲ್ಲ. ಇಷ್ಟು ವರ್ಷ ಅವಳು ಪ್ರತಿ ಸಲ ಬಸ್ಸಿಳಿದು ಹೊಲದ ಬದುವಿನಲ್ಲಿ ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು, ಆಮೇಲೆ ಜಂಬದಿಂದ ಹೆಜ್ಜೆ ಹಾಕುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

"ಯಾರು ಕರೆದ್ರು ನಿನ್ನ?" ಎಂದಳು, ಹುರುಳಿ ಆರಿಸುತ್ತಲೇ.

"ಯಾರೂ ಕರೀಲಿಲ್ಲ."

"ಅಕ್ಕು ಪಕ್ಕು ಏನಾರ ಬರೆಸ್ಕಂಡಿದ್ದೀಯಾ, ಈ ಮನೆಗೆ ಬರಕ್ಕೆ?"

"ಇಲ್ಲ ಕಣವ್ವ."

"ಇಂಗು ಗಿಂಗು ತಂದಿದ್ದೀಯಾ?"

"ಇಲ್ಲ ಕಣೇ! ತೋಳು ಬಿದ್ದೋಯ್ತದೆ, ಏನಾರ ಒಂದು ಏಳು."

ಅವಳು ಮೊರ ಪಕ್ಕಕ್ಕಿಟ್ಟು ಮೊದಲ ಸಲ ನನ್ನ ಕಡೆ ನೋಡಿದಳು. "ಎಣ್ಣೆ ಕಿಟಕೀಲದೆ. ಕೈಗೆ ಅಚ್ಕಂಡು ಒಳಕ್ಕೆ ಬಾ, ನೀನೇ ಬಿಡಿಸಿ ಕೊಡ್ಬೇಕು."

ಹಣ್ಣನ್ನು ಒಂದು ತೋಳಿನಲ್ಲಿ ಅವುಚಿಕೊಂಡೇ ಎಣ್ಣೆ ಸುರಿದುಕೊಂಡೆ. ಸಂತೋಷಕ್ಕೆ ಕೈ ತಡೆಯಲಿಲ್ಲ, ಮೊಣಕೈವರೆಗೂ ಸುರಿದುಕೊಂಡುಬಿಟ್ಟೆ. ಹೊಸ್ತಿಲು ದಾಟಲು ಕಾಲೆತ್ತಿದೆ ನೋಡಿ, ಹಣ್ಣು ಸರಕ್ಕನೆ ಜಾರಿ, ನನಗಿಂತ ಮುಂಚೆ ಉರುಳಿಕೊಂಡು ಅವಳ ಅಡುಗೆಮನೆಯವರೆಗೂ ಹೋಯಿತು.